ಕಿಣ್ವದ ಅಣು ಅಲುಗುವುದರಿಂದಲೇ ರಾಸಾಯನಿಕ ಕ್ರಿಯೆಗೆ ವೇಗ ಬರುತ್ತದೆಯೇ?

ಪ್ರಶ್ನೆ: ಕಿಣ್ವವು ಬೀಗದಂತೆ, ಅದರೊಳಗೆ ಕೂರುವ ಅಣು ಕೀಲಿಯಂತೆ ಎಂದು ಕಾಲೇಜಿನಲ್ಲಿ ಓದಿದ್ದೆ. ಕಿಣ್ವದ ಅಣು ಸದಾ ಕಂಪಿಸುತ್ತಿರುತ್ತದೆ, ಆ ಕಂಪನವೇ ಒಳಗಿನ ಅಣುವನ್ನು ತಳ್ಳಿ ಕ್ರಿಯೆಯನ್ನು ಮುಗಿಸುತ್ತದೆ ಎಂದು ಈಚೆಗೆ ಓದಿದೆ. ಇದು ನಿಜವೇ? ನಿಜವಾದರೆ, ಕಿಣ್ವವನ್ನು ಇನ್ನಷ್ಟು ಬಳುಕುವಂತೆ ಮಾರ್ಪಡಿಸಿದರೆ ಅದು ಇನ್ನೂ ವೇಗವಾಗಿ ಕೆಲಸ ಮಾಡೀತೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಮಾತುಗಳು ಒಂದರೊಳಗೊಂದು ಬೆರೆತಿವೆ. ಕಿಣ್ವದ, ಅಂದರೆ ಜೀವಕೋಶದ ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಡುವ ಪ್ರೋಟೀನಿನ, ಅಣು ಸದಾ ಚಲಿಸುತ್ತಿರುತ್ತದೆ, ಆ ಚಲನೆಯಿಲ್ಲದೆ ಅದರ ಕೆಲಸ ನಡೆಯುವುದಿಲ್ಲ ಎಂಬುದು ಒಂದು ಮಾತು. ಆ ಚಲನೆಯ ಶಕ್ತಿಯೇ ಒಳಗಿನ ಅಣುವಿಗೆ ವರ್ಗಾವಣೆಯಾಗಿ ಅದರ ಬಂಧವನ್ನು ಮುರಿಯುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಪ್ರಯೋಗಗಳಿಂದ ದೃಢಪಟ್ಟಿದೆ. ಎರಡನೆಯದನ್ನು ಸಮರ್ಥ ವಿಜ್ಞಾನಿಗಳು ದಶಕಗಳಿಂದ ಶ್ರದ್ಧೆಯಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಆ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಫಲಿತಾಂಶ ಅದರ ಪರವಾಗಿಲ್ಲ ಎಂಬುದು ನನ್ನ ತೀರ್ಮಾನ. ಹಾಗೆಂದು ಚಲನೆಯ ಪಾತ್ರ ಸಣ್ಣದಲ್ಲ. ಅದು ಎಲ್ಲಿ, ಯಾವ ಹೆಜ್ಜೆಯಲ್ಲಿ, ಯಾವ ಕಾಲಮಾನದಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಮೊದಲಿಗೆ, ವಿವರಿಸಬೇಕಾಗಿರುವ ವೇಗ ಎಷ್ಟು ದೊಡ್ಡದು ಎಂಬುದು ಮನಸ್ಸಿನಲ್ಲಿರಲಿ. ಡಿಎನ್‌ಎ ಮತ್ತು ಆರ್‌ಎನ್‌ಎಗಳ ಘಟಕಗಳನ್ನು ಕಟ್ಟುವ ದಾರಿಯಲ್ಲಿ ಓರೊಟಿಡಿನ್ ಮಾನೊಫಾಸ್ಫೇಟ್ ಎಂಬ ಅಣುವಿನಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸುವ ಒಂದು ಹೆಜ್ಜೆಯಿದೆ. ಕಿಣ್ವವಿಲ್ಲದೆ, ಬರೀ ನೀರಿನಲ್ಲಿ, ಈ ಕ್ರಿಯೆ ಅರ್ಧದಷ್ಟು ಮುಗಿಯಲು ಸುಮಾರು 7.8 ಕೋಟಿ ವರ್ಷ ಬೇಕು ಎಂದು ರಿಚರ್ಡ್ ವೋಲ್ಫೆಂಡೆನ್ ಮತ್ತು ಅನ್ನಾ ರಾಡ್ಜಿಕಾ 1995ರಲ್ಲಿ ತೋರಿಸಿದರು. ಕಿಣ್ವದ ಒಳಗೆ ಅದೇ ಕ್ರಿಯೆಗೆ ಬೇಕಾಗುವುದು ಸೆಕೆಂಡಿನ ನೂರನೇ ಒಂದೆರಡು ಭಾಗ ಮಾತ್ರ. ಅಂದರೆ ವೇಗ ಹೆಚ್ಚಿದ್ದು ಸುಮಾರು 10¹⁷ ಪಟ್ಟು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ವೇಗವನ್ನು ಹತ್ತು ಪಟ್ಟು ಹೆಚ್ಚಿಸಲು ಶಕ್ತಿಯ ತಡೆಯನ್ನು (ಕ್ರಿಯೆ ನಡೆಯಲು ಅಣು ಹತ್ತಿ ದಾಟಬೇಕಾದ ಶಕ್ತಿಯ ದಿಬ್ಬವನ್ನು) ಮೋಲ್ ಒಂದಕ್ಕೆ ಸುಮಾರು 5.7 ಕಿಲೊಜೂಲ್‌ನಷ್ಟು ಇಳಿಸಬೇಕು. 10¹⁷ ಪಟ್ಟಿಗೆ ಸುಮಾರು 97 ಕಿಲೊಜೂಲ್ ಇಳಿಸಬೇಕು. ಕಿಣ್ವದ ಬಗ್ಗೆ ನೀಡುವ ಯಾವುದೇ ವಿವರಣೆಯೂ ಈ ಅಳತೆಗೆ ತಕ್ಕಷ್ಟು ದೊಡ್ಡದಿರಬೇಕು, ಇಲ್ಲವಾದರೆ ಅದು ವಿವರಣೆಯ ಒಂದು ಅಂಚಷ್ಟೇ ಆಗುತ್ತದೆ.

ನೀವು ಓದಿದ ಬೀಗ-ಕೀಲಿಯ ಚಿತ್ರವನ್ನು ಎಮಿಲ್ ಫಿಷರ್ 1894ರಲ್ಲಿ ಕೊಟ್ಟರು. ಕಿಣ್ವವೊಂದು ಒಂದು ಅಣುವನ್ನು ಹಿಡಿದು ಇನ್ನೊಂದನ್ನು ಏಕೆ ಹಿಡಿಯದೆ ಬಿಡುತ್ತದೆ ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ, ಆದರೆ ವೇಗದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕಿಣ್ವ ಹಿಡಿದು ಬದಲಾಯಿಸುವ ಅಣುವನ್ನು ಸಬ್‌ಸ್ಟ್ರೇಟ್ ಎನ್ನುತ್ತಾರೆ. ಈ ಸಬ್‌ಸ್ಟ್ರೇಟ್‌ಗೆ ಕಿಣ್ವ ತೀರ ಚೆನ್ನಾಗಿ ಹೊಂದಿಕೊಂಡರೆ ಸಬ್‌ಸ್ಟ್ರೇಟ್ ಇನ್ನಷ್ಟು ಸ್ಥಿರವಾಗಿ, ಕ್ರಿಯೆಗೆ ತಡೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕಿಣ್ವ ಹೊಂದಿಕೊಳ್ಳಬೇಕಾದದ್ದು ಹಳೆಯ ಬಂಧ ಅರ್ಧ ಮುರಿದು ಹೊಸ ಬಂಧ ಅರ್ಧ ಮೂಡಿರುವ ಆ ಕ್ಷಣದ ರೂಪಕ್ಕೆ, ಅಂದರೆ ಸಂಕ್ರಮಣ ಸ್ಥಿತಿಗೆ, ಎಂಬುದನ್ನು ಲೈನಸ್ ಪೌಲಿಂಗ್ 1940ರ ದಶಕದಲ್ಲಿ ಸ್ಪಷ್ಟವಾಗಿ ಹೇಳಿದರು. 1958ರಲ್ಲಿ ಡೇನಿಯಲ್ ಕೋಶ್‌ಲ್ಯಾಂಡ್, ಸಬ್‌ಸ್ಟ್ರೇಟ್ ಬಂದಾಗ ಕಿಣ್ವದ ಆಕಾರವೇ ಬದಲಾಗುತ್ತದೆ ಎಂದರು. ಚಲನೆ ಚರ್ಚೆಯೊಳಗೆ ಬಂದದ್ದು ಹೀಗೆ.

ಆದರೆ ‘ಚಲನೆ’ ಎಂಬ ಒಂದೇ ಹೆಸರಿನಡಿ ತೀರ ಬೇರೆ ಬೇರೆ ವೇಗದ ಸಂಗತಿಗಳು ಸೇರಿಕೊಂಡಿವೆ. ಒಂದು ಬಂಧ ಹಿಂದೆಮುಂದೆ ಕಂಪಿಸಲು ಸುಮಾರು ಹತ್ತು ಫೆಮ್ಟೊಸೆಕೆಂಡ್ ಸಾಕು. ಒಂದು ಫೆಮ್ಟೊಸೆಕೆಂಡ್ ಎಂದರೆ 10⁻¹⁵ ಸೆಕೆಂಡ್. ಅಮೈನೊ ಆಮ್ಲಗಳ ಪಕ್ಕದ ಗುಂಪುಗಳು ತಿರುಗಲು ಪಿಕೊಸೆಕೆಂಡ್‌ನಿಂದ (10⁻¹² ಸೆಕೆಂಡ್) ನ್ಯಾನೊಸೆಕೆಂಡ್‌ಗಳವರೆಗೆ (10⁻⁹ ಸೆಕೆಂಡ್) ಹಿಡಿಯುತ್ತದೆ. ಪ್ರೋಟೀನಿನ ಹೊರಮೈಯ ಕುಣಿಕೆಗಳು ಮುಚ್ಚಿ ತೆರೆಯುವುದು, ಇಡೀ ಭಾಗಗಳು ಕೀಲಿನ ಸುತ್ತ ಬಾಗುವುದು ಮೈಕ್ರೊಸೆಕೆಂಡ್‌ನಿಂದ (10⁻⁶ ಸೆಕೆಂಡ್) ಮಿಲಿಸೆಕೆಂಡ್‌ಗಳ (10⁻³ ಸೆಕೆಂಡ್) ಕೆಲಸ. ಹಲವು ಕಿಣ್ವಗಳು ಒಂದು ಅಣುವನ್ನು ಹಿಡಿದು, ಬದಲಾಯಿಸಿ, ಬಿಡಲು ತೆಗೆದುಕೊಳ್ಳುವ ಸಮಯವೂ ಇದೇ ಮಿಲಿಸೆಕೆಂಡಿನ ಆಸುಪಾಸಿನಲ್ಲಿದೆ. ಈ ಹೊಂದಿಕೆಯೇ ಅನೇಕರನ್ನು ಸೆಳೆಯಿತು: ಪ್ರೋಟೀನು ಅಲುಗುವ ವೇಗವೂ ಕ್ರಿಯೆಯ ವೇಗವೂ ಒಂದೇ ಆಗಿದ್ದರೆ, ಒಂದು ಇನ್ನೊಂದನ್ನು ನಡೆಸುತ್ತಿರಬೇಕಲ್ಲವೇ?

ಇಲ್ಲಿಯೇ ಎಚ್ಚರ ಬೇಕು. ಬಂಧ ಮುರಿಯುವ ನಿಜವಾದ ಘಟನೆ, ಅಂದರೆ ಅಣು ಶಕ್ತಿಯ ತಡೆಯ ನೆತ್ತಿಯನ್ನು ದಾಟುವುದು, ಕೆಲವು ಹತ್ತು ಫೆಮ್ಟೊಸೆಕೆಂಡ್‌ಗಳಲ್ಲಿ ಮುಗಿದುಹೋಗುತ್ತದೆ. ಮಿಲಿಸೆಕೆಂಡ್ ಎನ್ನುವುದು ದಾಟಲು ಹಿಡಿಯುವ ಸಮಯವಲ್ಲ, ದಾಟಲು ಅವಕಾಶ ಒದಗುವವರೆಗೆ ಕಾಯುವ ಸಮಯ. ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವದಲ್ಲಿ ಹೈಡ್ರೈಡ್ (ಎರಡು ಎಲೆಕ್ಟ್ರಾನ್‌ಗಳನ್ನು ಹೊತ್ತ ಹೈಡ್ರೋಜನ್) ವರ್ಗಾವಣೆಯ ವೇಗ ಸೆಕೆಂಡಿಗೆ ಸುಮಾರು 220 ಸಲ, ಎಂದರೆ ಸರಾಸರಿ ಕಾಯುವಿಕೆ ನಾಲ್ಕೂವರೆ ಮಿಲಿಸೆಕೆಂಡ್. ದಾಟುವ ಸಮಯಕ್ಕೆ ಹೋಲಿಸಿದರೆ ಕಾಯುವ ಸಮಯ ಸುಮಾರು 10¹¹ ಪಟ್ಟು ಹೆಚ್ಚು. ಪ್ರೋಟೀನಿನ ಒಂದು ಮೂಲೆಯಲ್ಲಿ ಎದ್ದ ಕಂಪನದ ಹೆಚ್ಚುವರಿ ಶಕ್ತಿ ಕೆಲವೇ ಪಿಕೊಸೆಕೆಂಡ್‌ಗಳಲ್ಲಿ ಸುತ್ತಲಿನ ಸಾವಿರಾರು ಪರಮಾಣುಗಳಿಗೂ ನೀರಿಗೂ ಹಂಚಿಹೋಗುತ್ತದೆ. ಮಿಲಿಸೆಕೆಂಡ್‌ಗಳ ಕಾಲ ನಡೆಯುವ ನಿಧಾನ ಚಲನೆಯೊಂದು ತನ್ನ ತಳ್ಳುವ ಶಕ್ತಿಯನ್ನು ಅಷ್ಟು ಹೊತ್ತು ಕಾಪಾಡಿಕೊಂಡು, ಸರಿಯಾದ ಫೆಮ್ಟೊಸೆಕೆಂಡಿನಲ್ಲಿ ಸರಿಯಾದ ಬಂಧಕ್ಕೆ ತಲುಪಿಸುವುದು ಭೌತಿಕವಾಗಿ ಬಹಳ ಕಷ್ಟ.

ಇದನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. 1935ರಲ್ಲಿ ಹೆನ್ರಿ ಐರಿಂಗ್, ಮೆರೆಡಿತ್ ಎವಾನ್ಸ್ ಮತ್ತು ಮೈಕೆಲ್ ಪೊಲಾನ್ಯಿ ರೂಪಿಸಿದ ಸಂಕ್ರಮಣ ಸ್ಥಿತಿಯ ಸಿದ್ಧಾಂತದಲ್ಲಿ ಕ್ರಿಯೆಯ ವೇಗವನ್ನು ಮುಖ್ಯವಾಗಿ ಎರಡು ಅಂಶಗಳು ನಿರ್ಧರಿಸುತ್ತವೆ: ತಡೆಯ ಎತ್ತರ, ಮತ್ತು ನೆತ್ತಿಗೆ ತಲುಪಿದ ಅಣುಗಳಲ್ಲಿ ಎಷ್ಟು ಪಾಲು ಹಿಂದಿರುಗದೆ ಆಚೆ ಇಳಿಯುತ್ತದೆ ಎಂಬುದು. ಪ್ರೋಟೀನಿನ ಚಲನೆ ಅಣುವನ್ನು ಸರಿಯಾದ ದಿಕ್ಕಿಗೆ ತಳ್ಳುವುದಾದರೆ ಆ ತಳ್ಳುವಿಕೆಯ ಫಲ ಈ ಎರಡನೆಯ ಅಂಶದಲ್ಲಿ ಕಾಣಿಸಬೇಕು. ಆದರೆ ನೆತ್ತಿಗೆ ಬಂದ ಎಲ್ಲ ಅಣುಗಳೂ ಆಚೆ ಇಳಿದರೂ ಆ ಪಾಲು ಒಂದನ್ನು ಮೀರಲಾರದು. ಕಿಣ್ವವಿಲ್ಲದೆ ನೀರಿನಲ್ಲಿ ನಡೆಯುವ ಅದೇ ಕ್ರಿಯೆಯಲ್ಲಿಯೂ ಅದು ಸಾಮಾನ್ಯವಾಗಿ ಅರ್ಧದ ಆಸುಪಾಸಿನಲ್ಲೋ ಅದಕ್ಕಿಂತ ಹೆಚ್ಚಾಗಿಯೋ ಇರುತ್ತದೆ ಎಂದು ಲೆಕ್ಕಾಚಾರಗಳು ತೋರಿಸುತ್ತವೆ. ಹಾಗಾಗಿ ಅಲ್ಲಿಂದ ಸಿಗಬಹುದಾದ ಲಾಭ ಎರಡು ಪಟ್ಟು, ಬಹಳವೆಂದರೆ ಕೆಲವು ಪಟ್ಟು. ಉಳಿದ ಹದಿನಾರು ಹದಿನೇಳು ಘಾತಗಳಷ್ಟು ವೇಗ ತಡೆಯ ಎತ್ತರ ಇಳಿದದ್ದರಿಂದಲೇ ಬರಬೇಕು. ಈ ವಾದ ನನಗೆ ನಿರ್ಣಾಯಕವೆನಿಸುತ್ತದೆ.

ತಡೆ ಇಳಿಯುವುದು ಹೇಗೆ? ನೀರಿನಲ್ಲಿ ಕ್ರಿಯೆ ನಡೆಯುವಾಗ ಬಂಧಗಳ ವಿದ್ಯುದಂಶ ಮರುಹಂಚಿಕೆಯಾಗುತ್ತದೆ, ಅದಕ್ಕೆ ತಕ್ಕಂತೆ ಸುತ್ತಲಿನ ನೀರಿನ ಅಣುಗಳೂ ತಿರುಗಿ ನಿಲ್ಲಬೇಕಾಗುತ್ತದೆ. ಆ ಮರುಜೋಡಣೆಗೆ ಶಕ್ತಿ ತೆರಬೇಕು. ಕಿಣ್ವದ ಸಕ್ರಿಯ ತಾಣದಲ್ಲಿ, ಅಂದರೆ ಸಬ್‌ಸ್ಟ್ರೇಟ್ ಕುಳಿತು ಕ್ರಿಯೆ ನಡೆಯುವ ಜಾಗದಲ್ಲಿ, ವಿದ್ಯುದಂಶವಿರುವ ಗುಂಪುಗಳೂ ದ್ವಿಧ್ರುವಗಳೂ (ಒಂದು ತುದಿ ಧನ, ಇನ್ನೊಂದು ತುದಿ ಋಣ ವಿದ್ಯುದಂಶದ ಗುಂಪುಗಳು) ಸಂಕ್ರಮಣ ಸ್ಥಿತಿಗೆ ಬೇಕಾದ ದಿಕ್ಕಿನಲ್ಲಿ ಮೊದಲೇ ನಿಂತಿರುತ್ತವೆ. ಆ ಬೆಲೆಯನ್ನು ಪ್ರೋಟೀನು ತನ್ನನ್ನು ಮಡಿಸಿಕೊಳ್ಳುವಾಗಲೇ ತೆತ್ತಾಗಿರುತ್ತದೆ. ಈ ವಿಚಾರವನ್ನು ಏರಿಯೆ ವಾರ್ಶೆಲ್ 1978ರಲ್ಲಿ ಮುಂದಿಟ್ಟರು. ಇಂಥ ಅಣುಗಳನ್ನು ಗಣಕದಲ್ಲಿ ಲೆಕ್ಕ ಹಾಕುವ ವಿಧಾನಗಳಿಗಾಗಿ ಅವರಿಗೆ ಮಾರ್ಟಿನ್ ಕಾರ್‌ಪ್ಲಸ್ ಮತ್ತು ಮೈಕೆಲ್ ಲೆವಿಟ್ ಅವರೊಂದಿಗೆ 2013ರ ರಸಾಯನಶಾಸ್ತ್ರದ ನೊಬೆಲ್ ಬಂತು. ಮುಂದಿನ ವರ್ಷ ಸ್ಟೀವನ್ ಬಾಕ್ಸರ್ ತಂಡ ಕೀಟೊಸ್ಟೆರಾಯ್ಡ್ ಐಸೊಮರೇಸ್ ಎಂಬ ಕಿಣ್ವದ ಸಕ್ರಿಯ ತಾಣದಲ್ಲಿರುವ ವಿದ್ಯುತ್ ಕ್ಷೇತ್ರವನ್ನು ಅವಕೆಂಪು ಬೆಳಕಿನ ಸಹಾಯದಿಂದ ಅಳೆಯಿತು. ಅದು ಸೆಂಟಿಮೀಟರ್ ಒಂದಕ್ಕೆ ಸುಮಾರು 14 ಕೋಟಿ ವೋಲ್ಟ್‌ನಷ್ಟಿತ್ತು. ಆ ಕಿಣ್ವ ಇಳಿಸುವ ತಡೆಯಲ್ಲಿ ಸುಮಾರು 70 ಪ್ರತಿಶತ ಈ ಕ್ಷೇತ್ರವೊಂದರಿಂದಲೇ ಬರುತ್ತದೆ ಎಂಬುದು ಅವರ ಅಂದಾಜು.

ಇಷ್ಟು ಓದಿದ ಮೇಲೆ, ಹಾಗಾದರೆ ಕಿಣ್ವ ಕಲ್ಲಿನಂತೆ ಅಲುಗದೆ ನಿಂತಿದ್ದರೂ ನಡೆಯುತ್ತಿತ್ತಲ್ಲ ಎಂದು ನಿಮಗೆ ಅನಿಸಬಹುದು. ನಡೆಯುತ್ತಿರಲಿಲ್ಲ. ಸಂಕ್ರಮಣ ಸ್ಥಿತಿಯನ್ನು ಎಲ್ಲ ಕಡೆಯಿಂದ ಸುತ್ತುವರಿದು, ನೀರನ್ನು ಹೊರಗಿಟ್ಟು, ಅಂಥ ಬಲವಾದ ಕ್ಷೇತ್ರವನ್ನು ಒಡ್ಡಬೇಕಾದರೆ ಸಕ್ರಿಯ ತಾಣ ಮುಚ್ಚಿರಬೇಕು. ಸಬ್‌ಸ್ಟ್ರೇಟ್ ಒಳಗೆ ಬರಲು, ಬದಲಾದ ಅಣು ಹೊರಗೆ ಹೋಗಲು ಅದೇ ತಾಣ ತೆರೆದಿರಬೇಕು. ಈ ಎರಡು ಬೇಡಿಕೆಗಳನ್ನು ಅಲುಗದ ವಸ್ತುವೊಂದು ಒಟ್ಟಿಗೆ ಪೂರೈಸಲಾರದು.

ಟ್ರಯೋಸ್ ಫಾಸ್ಫೇಟ್ ಐಸೊಮರೇಸ್ ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ. ಸಕ್ಕರೆಯನ್ನು ಒಡೆಯುವ ದಾರಿಯಲ್ಲಿ ಬರುವ ಈ ಕಿಣ್ವ ಎಷ್ಟು ವೇಗವಾಗಿದೆಯೆಂದರೆ, ಸಬ್‌ಸ್ಟ್ರೇಟ್ ನೀರಿನಲ್ಲಿ ತೇಲುತ್ತ ಬಂದು ಅದನ್ನು ಮುಟ್ಟುವ ವೇಗವೇ ಅದರ ಮಿತಿ. ಸಬ್‌ಸ್ಟ್ರೇಟ್ ಒಳಗೆ ಕುಳಿತ ಕೂಡಲೇ ಸುಮಾರು ಹನ್ನೊಂದು ಅಮೈನೊ ಆಮ್ಲಗಳ ಒಂದು ಕುಣಿಕೆ ಏಳು ಆಂಗ್‌ಸ್ಟ್ರಾಮ್‌ನಷ್ಟು (ಒಂದು ಆಂಗ್‌ಸ್ಟ್ರಾಮ್ ಎಂದರೆ 10⁻¹⁰ ಮೀಟರ್) ಸರಿದು ಅದರ ಮೇಲೆ ಮುಚ್ಚಿಕೊಳ್ಳುತ್ತದೆ. 1990ರಲ್ಲಿ ಜೆರೆಮಿ ನೋಲ್ಸ್ ತಂಡ ಈ ಕುಣಿಕೆಯಿಂದ ನಾಲ್ಕು ಅಮೈನೊ ಆಮ್ಲಗಳನ್ನು ಕತ್ತರಿಸಿ ತೆಗೆಯಿತು. ಕಿಣ್ವದ ಸಾಮರ್ಥ್ಯ ಸುಮಾರು ಒಂದು ಲಕ್ಷ ಪಟ್ಟು ಕುಸಿಯಿತು. ಅಷ್ಟೇ ಅಲ್ಲ, ಕ್ರಿಯೆಯ ನಡುವೆ ಹುಟ್ಟುವ ಅಸ್ಥಿರ ಅಣುವನ್ನು ಹಿಡಿದಿಡುವ ಮುಚ್ಚಳ ಇಲ್ಲದ್ದರಿಂದ ಅದು ಹೊರಗೆ ಜಾರಿ, ಫಾಸ್ಫೇಟನ್ನು ಕಳೆದುಕೊಂಡು, ಜೀವಕೋಶಕ್ಕೆ ವಿಷವಾದ ಮೀಥೈಲ್‌ಗ್ಲೈಆಕ್ಸಾಲ್ ಆಗತೊಡಗಿತು. ಕುಣಿಕೆ ಯಾವ ಬಂಧವನ್ನೂ ತಳ್ಳಿ ಮುರಿಯುವುದಿಲ್ಲ ಎಂಬುದನ್ನು ಗಮನಿಸಿ. ಅದು ಮುಚ್ಚಿದಾಗ ಉಂಟಾಗುವ ಪರಿಸರದಲ್ಲಿ ತಡೆ ತಗ್ಗುತ್ತದೆ, ಅಡ್ಡದಾರಿ ಮುಚ್ಚಿಹೋಗುತ್ತದೆ. ಯೀಸ್ಟ್‌ನ ಹೆಕ್ಸೊಕೈನೇಸ್‌ನಲ್ಲಿಯೂ ಹೀಗೆಯೇ: ಗ್ಲೂಕೋಸ್ ಕುಳಿತಾಗ ಕಿಣ್ವದ ಒಂದು ಭಾಗ ಸುಮಾರು 12 ಡಿಗ್ರಿ ತಿರುಗಿ ಮುಚ್ಚಿಕೊಳ್ಳುತ್ತದೆ.

ಕೆಲವು ಕಿಣ್ವಗಳಲ್ಲಿ ಒಟ್ಟು ವೇಗವನ್ನು ನಿರ್ಧರಿಸುವುದೇ ಈ ತೆರೆದು ಮುಚ್ಚುವ ಚಲನೆ. ಮೂರು ಫಾಸ್ಫೇಟ್‌ಗಳಿರುವ ಒಂದು ಎಟಿಪಿ ಅಣು ಮತ್ತು ಒಂದೇ ಫಾಸ್ಫೇಟ್ ಇರುವ ಒಂದು ಎಎಂಪಿ ಅಣುವಿನಿಂದ, ಎರಡೆರಡು ಫಾಸ್ಫೇಟ್‌ಗಳಿರುವ ಎರಡು ಎಡಿಪಿಗಳನ್ನು ಮಾಡುವ ಅಡೆನಿಲೇಟ್ ಕೈನೇಸ್‌ನಲ್ಲಿ ಫಾಸ್ಫೇಟ್ ವರ್ಗಾವಣೆ ಬಹಳ ಬೇಗ ಮುಗಿಯುತ್ತದೆ. ಆಮೇಲೆ ಮುಚ್ಚಳ ತೆರೆದು ಎಡಿಪಿ ಹೊರಬರುವುದೇ ನಿಧಾನ. ಡೊರೊಥೀ ಕೆರ್ನ್ ತಂಡ 2004ರಲ್ಲಿ ಎನ್‌ಎಂಆರ್ ವಿಧಾನದಿಂದ (ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳ ಸಂಕೇತಗಳನ್ನು ಓದುವ ವಿಧಾನ) ಮುಚ್ಚಳ ತೆರೆಯುವ ವೇಗವನ್ನು ನೇರವಾಗಿ ಅಳೆದಾಗ ಅದು ಕಿಣ್ವದ ಒಟ್ಟು ವೇಗಕ್ಕೆ ಸರಿಹೊಂದಿತು. ಬಿಸಿನೀರಿನ ಊಟೆಗಳಲ್ಲಿ ಬದುಕುವ ಬ್ಯಾಕ್ಟೀರಿಯಾದ ಅದೇ ಕಿಣ್ವ ಸಾಮಾನ್ಯ ತಾಪಮಾನದಲ್ಲಿ ಏಕೆ ಮಂದವಾಗಿರುತ್ತದೆ ಎಂಬುದಕ್ಕೂ ಅಲ್ಲಿ ಉತ್ತರ ಸಿಕ್ಕಿತು: ಅದರ ಮುಚ್ಚಳ ಮುಚ್ಚುವ ವೇಗ ಹೆಚ್ಚುಕಡಿಮೆ ಅಷ್ಟೇ, ತೆರೆಯುವುದು ಮಾತ್ರ ನಿಧಾನ. ಚಲನೆ ಕಿಣ್ವದ ವೇಗವನ್ನು ಆಳುತ್ತದೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಆದರೆ ಇಲ್ಲಿ ಅದು ಆಳುವುದು ಚಕ್ರದ ಒಟ್ಟು ಗತಿಯನ್ನು, ರಾಸಾಯನಿಕ ಹೆಜ್ಜೆಯನ್ನಲ್ಲ. ಜನಪ್ರಿಯ ಬರಹಗಳಲ್ಲಿ ಈ ಎರಡನ್ನು ಕಲಸಿ ಹೇಳುವುದರಿಂದಲೇ ನಿಮ್ಮಂಥ ಆಸಕ್ತ ಓದುಗರಿಗೆ ಗೊಂದಲವಾಗುತ್ತದೆ ಎಂದು ನನಗನಿಸುತ್ತದೆ.

ಅತ್ಯಂತ ಬಿಸಿಯಾದ ಚರ್ಚೆ ನಡೆದದ್ದು ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಸುತ್ತ. ಈ ಕಿಣ್ವದ 121ನೆಯ ಸ್ಥಾನದ ಗ್ಲೈಸಿನ್ ಸಕ್ರಿಯ ತಾಣದಿಂದ ಸುಮಾರು 19 ಆಂಗ್‌ಸ್ಟ್ರಾಮ್ ದೂರದಲ್ಲಿದೆ. ಅದನ್ನು ವ್ಯಾಲಿನ್‌ಗೆ ಬದಲಾಯಿಸಿದರೆ ಹೈಡ್ರೈಡ್ ವರ್ಗಾವಣೆ ಸುಮಾರು 200 ಪಟ್ಟು ನಿಧಾನವಾಗುತ್ತದೆ. ಅಷ್ಟು ದೂರದ ಬದಲಾವಣೆ ಇಷ್ಟು ಪರಿಣಾಮ ಬೀರಬೇಕಾದರೆ ಇಡೀ ಪ್ರೋಟೀನಿನಲ್ಲಿ ಹೆಣೆದುಕೊಂಡ ಚಲನೆಗಳ ಜಾಲವೊಂದಿರಬೇಕು ಎಂದು ಸ್ಟೀಫನ್ ಬೆಂಕೊವಿಕ್ ಮೊದಲಾದವರು ವಾದಿಸಿದರು. 2011ರಲ್ಲಿ ಪೀಟರ್ ರೈಟ್ ಅವರ ತಂಡ ಒಂದು ಚತುರ ಪ್ರಯೋಗ ಮಾಡಿತು: ಎರಡು ಸ್ಥಾನಗಳಲ್ಲಿ ಮಾರ್ಪಾಡು ಮಾಡಿ, ಕಿಣ್ವದ ಸ್ಥಿರ ರಚನೆ ಬಹುತೇಕ ಹಾಗೆಯೇ ಉಳಿದು ಸಕ್ರಿಯ ತಾಣದ ಮಿಲಿಸೆಕೆಂಡ್ ಚಲನೆ ಮಾತ್ರ ನಿಲ್ಲುವಂಥ ರೂಪವನ್ನು ತಯಾರಿಸಿತು. ಹೈಡ್ರೈಡ್ ವರ್ಗಾವಣೆ ಗಣನೀಯವಾಗಿ ಕುಗ್ಗಿತು. ಚಲನೆಯೇ ಕಾರಣ ಎಂಬವರಿಗೆ ಇದು ದೊಡ್ಡ ಬೆಂಬಲವಾಗಿ ಕಂಡಿತು. ಆದರೆ ಅದೇ ರೂಪವನ್ನು ಬೇರೆ ತಂಡಗಳು ಗಣಕದ ಲೆಕ್ಕಾಚಾರದಿಂದಲೂ ಪ್ರಯೋಗದಿಂದಲೂ ಪರಿಶೀಲಿಸಿದಾಗ ಸಿಕ್ಕ ವಿವರಣೆ ಬೇರೆ: ಮಾರ್ಪಾಡಿನಿಂದ ಸಕ್ರಿಯ ತಾಣದ ವಿದ್ಯುತ್ ಜೋಡಣೆ ಕೆಟ್ಟಿದೆ, ಕಿಣ್ವ ಕ್ರಿಯೆಗೆ ಅನುಕೂಲವಾದ ಭಂಗಿಯಲ್ಲಿ ಇರುವ ಪಾಲು ಕಡಿಮೆಯಾಗಿದೆ, ಆದ್ದರಿಂದ ತಡೆ ಏರಿದೆ. ಪ್ರೋಟೀನಿನ ಒಂದು ಭಾಗವನ್ನು ಬದಲಾಯಿಸಿದಾಗ ಚಲನೆಯೂ ಬದಲಾಗುತ್ತದೆ, ಜೋಡಣೆಯೂ ಬದಲಾಗುತ್ತದೆ. ಅವೆರಡರಲ್ಲಿ ಯಾವುದು ಕಾರಣ, ಯಾವುದು ಜೊತೆಗೆ ಬಂದದ್ದು ಎಂಬುದನ್ನು ಇಂಥ ಪ್ರಯೋಗವೊಂದೇ ಹೇಳಲಾರದು.

ಜೋಡಣೆಯನ್ನು ಮುಟ್ಟದೆ ಚಲನೆಯನ್ನಷ್ಟೇ ಬದಲಾಯಿಸುವ ಉಪಾಯವೊಂದಿದೆ. ಕಿಣ್ವದ ಇಂಗಾಲ, ಸಾರಜನಕ, ಹೈಡ್ರೋಜನ್‌ಗಳ ಬದಲು ಅವುಗಳದೇ ಭಾರವಾದ ಐಸೊಟೋಪ್‌ಗಳನ್ನು (ಅದೇ ಮೂಲವಸ್ತುವಿನ, ತೂಕ ಮಾತ್ರ ಹೆಚ್ಚಿರುವ ಪರಮಾಣುಗಳನ್ನು) ಸೇರಿಸಿ ‘ಭಾರದ ಕಿಣ್ವ’ವನ್ನು ಬೆಳೆಸುವುದು. ಆಗ ವಿದ್ಯುತ್ ಕ್ಷೇತ್ರಗಳು ಹಾಗೆಯೇ ಉಳಿಯುತ್ತವೆ, ದ್ರವ್ಯರಾಶಿ ಮಾತ್ರ ಹತ್ತು ಪ್ರತಿಶತದ ಆಸುಪಾಸಿನಲ್ಲಿ ಏರಿ ಕಂಪನಗಳು ಸುಮಾರು ಐದು ಪ್ರತಿಶತ ನಿಧಾನವಾಗುತ್ತವೆ. ವರ್ನ್ ಶ್ರಾಮ್, ರೂಡಾಲ್ಫ್ ಆಲೆಮನ್ ಮೊದಲಾದವರ ಪ್ರಯೋಗಾಲಯಗಳಲ್ಲಿ ನಡೆದ ಇಂಥ ಅಳತೆಗಳಲ್ಲಿ ರಾಸಾಯನಿಕ ಹೆಜ್ಜೆ ನಿಧಾನವಾದದ್ದು ಕಂಡುಬಂದಿದೆ. ಅಂದರೆ ವೇಗದ ಕಂಪನಗಳಿಗೂ ನೆತ್ತಿ ದಾಟುವಿಕೆಗೂ ಸಂಬಂಧವಿರುವುದು ನಿಜ. ಆದರೆ ಆ ಪರಿಣಾಮ ಸಾಮಾನ್ಯವಾಗಿ ಎರಡು ಪಟ್ಟಿಗಿಂತಲೂ ಚಿಕ್ಕದು. ಮೇಲೆ ಹೇಳಿದ ಸೈದ್ಧಾಂತಿಕ ಮಿತಿಗೆ ಇದು ಚೆನ್ನಾಗಿ ಹೊಂದುತ್ತದೆ.

ಹೈಡ್ರೋಜನ್ ವರ್ಗಾವಣೆಯ ಕ್ರಿಯೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೈಡ್ರೋಜನ್ ಬಹಳ ಹಗುರವಾದ್ದರಿಂದ ತಡೆಯನ್ನು ಹತ್ತಿ ಇಳಿಯದೆ, ಕ್ವಾಂಟಮ್ ಸುರಂಗನದ ಮೂಲಕ ಅದನ್ನು ಭೇದಿಸಿಕೊಂಡೇ ಆಚೆ ಹೋಗಬಲ್ಲದು. ಜುಡಿತ್ ಕ್ಲಿನ್‌ಮನ್ ತಂಡ 1989ರಲ್ಲಿ ಯೀಸ್ಟ್‌ನ ಆಲ್ಕೋಹಾಲ್ ಡಿಹೈಡ್ರೋಜಿನೇಸ್‌ನಲ್ಲಿ ಇದರ ಗುರುತುಗಳನ್ನು ತೋರಿಸಿತು. ಸೋಯಾಬೀನ್‌ನ ಲಿಪಾಕ್ಸಿಜಿನೇಸ್‌ನಲ್ಲಿ ಹೈಡ್ರೋಜನ್ ಬದಲು ಅದರ ಭಾರವಾದ ಐಸೊಟೋಪಾದ ಡ್ಯುಟೀರಿಯಮ್ ಇಟ್ಟರೆ ವೇಗ ಸುಮಾರು 80 ಪಟ್ಟು ಇಳಿಯುತ್ತದೆ. ಸುರಂಗನವಿಲ್ಲದ ಸಾಮಾನ್ಯ ಲೆಕ್ಕದಲ್ಲಿ ಈ ಇಳಿಕೆ ಏಳು ಪಟ್ಟಿನ ಸುತ್ತಮುತ್ತ ಇರಬೇಕಿತ್ತು. ಸುರಂಗನದ ಸಾಧ್ಯತೆ ಹೈಡ್ರೋಜನ್ ಕೊಡುವ ಪರಮಾಣುವಿಗೂ ಪಡೆಯುವ ಪರಮಾಣುವಿಗೂ ನಡುವಿನ ದೂರದ ಮೇಲೆ ಬಹಳವಾಗಿ ಅವಲಂಬಿಸಿದೆ. ಪ್ರೋಟೀನಿನ ಉಷ್ಣ ಚಲನೆಯಿಂದ ಆ ಎರಡು ಪರಮಾಣುಗಳು ಆಗಾಗ ಒಂದಕ್ಕೊಂದು ಹತ್ತಿರ ಬರುತ್ತವೆ, ಹಾಗೆ ಬಂದ ಕ್ಷಣಗಳಲ್ಲಿ ಹೈಡ್ರೋಜನ್ ದಾಟುತ್ತದೆ. ರಾಸಾಯನಿಕ ಹೆಜ್ಜೆಗೆ ಚಲನೆ ಅತ್ಯಂತ ಹತ್ತಿರವಾಗಿ ತಾಗುವ ಜಾಗ ಇದು. ಆದರೆ ಇಲ್ಲಿಯೂ ನಡೆಯುವುದು ಉದ್ದೇಶಪೂರ್ವಕ ತಳ್ಳುವಿಕೆಯಲ್ಲ. ಸಮತೋಲನದಲ್ಲಿರುವ ಅಣು ತನ್ನ ಉಷ್ಣಶಕ್ತಿಯಿಂದ ಸಾಧ್ಯವಿರುವ ಎಲ್ಲ ಭಂಗಿಗಳನ್ನೂ ಸುತ್ತಿಬರುವಾಗ, ಅವುಗಳಲ್ಲಿ ಹತ್ತಿರದ ಭಂಗಿಗಳು ಎಷ್ಟು ಸಲ ಸಿಗುತ್ತವೆ ಎಂಬ ಸಂಭವನೀಯತೆಯ ಮಾತು. ಕಿಣ್ವ ಮಾಡುವ ಉಪಕಾರವೆಂದರೆ ಅಂಥ ಭಂಗಿಗಳ ಪಾಲನ್ನು ಹೆಚ್ಚಿಸುವುದು. ಜೊತೆಗೆ, ಸುರಂಗನ ಕಿಣ್ವವಿಲ್ಲದ ಕ್ರಿಯೆಯಲ್ಲೂ ನಡೆಯುವುದರಿಂದ ಅದನ್ನೇ ಕಿಣ್ವದ ವೇಗದ ಮುಖ್ಯ ಮೂಲವೆಂದು ಹೇಳುವಂತಿಲ್ಲ.

ಚಲನೆಯನ್ನು ತಣಿಸಿ ನಿಲ್ಲಿಸಿದರೆ ಏನಾಗುತ್ತದೆ ಎಂದೂ ನೋಡಿದ್ದಾರೆ. 1992ರಲ್ಲಿ ಗ್ರೆಗರಿ ಪೆಟ್ಸ್‌ಕೊ ಮತ್ತು ಡಾಗ್ಮಾರ್ ರಿಂಗೆ ತಂಡ, ರೈಬೊನ್ಯೂಕ್ಲಿಯೇಸ್ ಸ್ಫಟಿಕವನ್ನು 220 ಕೆಲ್ವಿನ್‌ಗಿಂತ (ಸುಮಾರು −53 ಡಿಗ್ರಿ ಸೆಲ್ಸಿಯಸ್) ಕೆಳಗೆ ತಣಿಸಿದರೆ ಅದು ತನಗೆ ಅಂಟಬೇಕಾದ ಅಣುವನ್ನು ಹಿಡಿಯುವುದೂ ಇಲ್ಲ, ಹಿಡಿದದ್ದನ್ನು ಬಿಡುವುದೂ ಇಲ್ಲ ಎಂದು ತೋರಿಸಿತು. ಪ್ರೋಟೀನಿನ ದೊಡ್ಡ ಅಲುಗಾಟಗಳು ಹೆಪ್ಪುಗಟ್ಟುವುದೂ ಅದೇ ತಾಪಮಾನದಲ್ಲಿ. ಆದರೆ 1998ರಲ್ಲಿ ಇನ್ನೊಂದು ತಂಡ, ಗ್ಲುಟಮೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಹೆಪ್ಪುಗಟ್ಟದ ದ್ರಾವಣದಲ್ಲಿ ಆ ಗಡಿಯನ್ನು ದಾಟಿದ ಮೇಲೂ ಹಠಾತ್ ಕುಸಿತವಿಲ್ಲದೆ ಕೆಲಸ ಮುಂದುವರಿಸುತ್ತದೆ ಎಂದು ಅಳೆಯಿತು. ಎರಡನ್ನೂ ಸೇರಿಸಿ ಓದಿದರೆ, ಹಿಡಿಯಲು ಮತ್ತು ಬಿಡಲು ಬೇಕಾಗುವ ಚಲನೆಯೇ ಬೇರೆ, ರಾಸಾಯನಿಕ ಹೆಜ್ಜೆಗೆ ಬೇಕಾಗುವ ಚಲನೆಯೇ ಬೇರೆ ಎಂಬುದು ಮತ್ತೆ ಕಾಣುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ: ಬಳುಕು ಹೆಚ್ಚಿಸಿದರೆ ವೇಗ ಹೆಚ್ಚೀತೇ? ಅತಿ ಶೀತದ ನೀರಿನಲ್ಲಿ ಬದುಕುವ ಜೀವಿಗಳ ಕಿಣ್ವಗಳಲ್ಲಿ ಬಳುಕು ಹೆಚ್ಚು, ಅವು ಕಡಿಮೆ ತಾಪಮಾನದಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಸ್ವಲ್ಪ ಬಿಸಿಯಾದರೂ ಕೆಡುತ್ತವೆ ಎಂಬುದು ಅದರ ಬೆಲೆ. ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಕೆಂಪ್ ಎಲಿಮಿನೇಶನ್ ಎಂಬ ಕ್ರಿಯೆಗೆ ಪ್ರಕೃತಿಯಲ್ಲಿ ಇದಕ್ಕೆಂದೇ ರೂಪುಗೊಂಡ ಕಿಣ್ವ ಇಲ್ಲದ್ದರಿಂದ ವಿಜ್ಞಾನಿಗಳು ಅದಕ್ಕೆ ಗಣಕದಲ್ಲಿ ಕಿಣ್ವಗಳನ್ನು ವಿನ್ಯಾಸ ಮಾಡಿದರು. ಅವುಗಳಲ್ಲೊಂದನ್ನು 17 ಸುತ್ತುಗಳ ನಿರ್ದೇಶಿತ ವಿಕಾಸಕ್ಕೆ (ಮಾರ್ಪಾಡು ಮಾಡಿ, ಉತ್ತಮವಾದದ್ದನ್ನು ಆರಿಸಿ, ಮತ್ತೆ ಮಾರ್ಪಾಡು ಮಾಡುವ ಕ್ರಮಕ್ಕೆ) ಒಳಪಡಿಸಿದಾಗ, ಕಿಣ್ವವಿಲ್ಲದ ಕ್ರಿಯೆಗಿಂತ ಸುಮಾರು 6×10⁸ ಪಟ್ಟು ವೇಗದ ಕಿಣ್ವ ದೊರೆಯಿತು ಎಂದು 2013ರಲ್ಲಿ ಪ್ರಕಟವಾಯಿತು. ಆ ವಿಕಾಸದ ಬೇರೆ ಬೇರೆ ಹಂತಗಳ ರಚನೆಗಳನ್ನು ಆಮೇಲೆ ಕೋಣೆಯ ತಾಪಮಾನದಲ್ಲಿಯೇ ಎಕ್ಸ್-ಕಿರಣದಿಂದ ಹೋಲಿಸಿ ನೋಡಿದಾಗ, ವೇಗ ಹೆಚ್ಚುತ್ತ ಹೋದಂತೆ ಸಕ್ರಿಯ ತಾಣದ ಅಲುಗಾಟ ಕಡಿಮೆಯಾಗಿ ಗುಂಪುಗಳು ತಮ್ಮ ಜಾಗದಲ್ಲಿ ಬಿಗಿಯಾಗಿ ನಿಂತದ್ದು ಕಂಡಿತು. ಅಲ್ಲಿ ನಿಧಾನವಾಗಿದ್ದದ್ದು ರಾಸಾಯನಿಕ ಹೆಜ್ಜೆ. ಅದಕ್ಕೆ ಬೇಕಾಗಿದ್ದದ್ದು ಹೆಚ್ಚಿನ ಬಳುಕಲ್ಲ, ನಿಖರವಾದ ಜೋಡಣೆ.

ಹಾಗಾಗಿ ಕಿಣ್ವವೊಂದನ್ನು ಮಾರ್ಪಡಿಸುವ ಮೊದಲು ಅದರ ಯಾವ ಹೆಜ್ಜೆ ನಿಧಾನವಾಗಿದೆ ಎಂದು ಅಳೆಯಬೇಕು. ಹೈಡ್ರೋಜನ್ ವರ್ಗಾವಣೆಯ ಕ್ರಿಯೆಯಾದರೆ ಸಬ್‌ಸ್ಟ್ರೇಟ್‌ನಲ್ಲಿ ಡ್ಯುಟೀರಿಯಮ್ ಇಟ್ಟು ನೋಡುತ್ತಾರೆ; ಒಟ್ಟು ವೇಗ ಗಮನಾರ್ಹವಾಗಿ ಇಳಿದರೆ ರಾಸಾಯನಿಕ ಹೆಜ್ಜೆಯೇ ಅಡಚಣೆ, ಸಕ್ರಿಯ ತಾಣದ ಜೋಡಣೆಯತ್ತ ಗಮನ ಕೊಡಬೇಕು. ಇನ್ನೊಂದು ಪರೀಕ್ಷೆಯಲ್ಲಿ ದ್ರಾವಣಕ್ಕೆ ಸಕ್ಕರೆಯನ್ನೋ ಗ್ಲಿಸರಾಲನ್ನೋ ಬೆರೆಸಿ ಅದರ ಸ್ನಿಗ್ಧತೆಯನ್ನು, ಅಂದರೆ ಸರಾಗವಾಗಿ ಹರಿಯದ ಮಂದತನವನ್ನು, ಏರಿಸುತ್ತಾರೆ. ಸಬ್‌ಸ್ಟ್ರೇಟ್ ಧಾರಾಳವಾಗಿದ್ದರೂ ಸ್ನಿಗ್ಧತೆಗೆ ತಕ್ಕಂತೆ ವೇಗ ಇಳಿದರೆ, ತೆರೆಯುವುದು ಅಥವಾ ಹೊರಬಿಡುವುದು ಅಡಚಣೆಯಾಗಿರುವ ಸಾಧ್ಯತೆ ಹೆಚ್ಚು. ಅಂಥ ಕಿಣ್ವದಲ್ಲಿ ಮುಚ್ಚಳದ ಕೀಲುಗಳನ್ನು ಸಡಿಲಿಸುವ ಮಾರ್ಪಾಡು ಫಲ ಕೊಡಬಹುದು.